ನುಂಗಿದ ಅಕ್ಷರ

ಏಳನೆಯ ಗುಂಡಿ ಹಾಕುವ ಹೊತ್ತಿಗೆ ಸರದಾರನಿಗೆ ಮತ್ತೆ ಅನುಮಾನ ಶುರುವಾಯಿತು. ದರ್ಬಾರಿನ ಕೋಟಿಗೆ ಒಂಬತ್ತು ಗುಂಡಿ. ಆರನೆಯದು ಹಾಕುವವರೆಗೆ ಹೋಗುವುದೆಂದೇ ತೀರ್ಮಾನಿಸಿದ್ದ. ಏಳನೆಯದು ತೂತಿನೊಳಗೆ ಅರ್ಧ ಹೊಕ್ಕಾಗ ಬೆರಳು ನಿಂತುಬಿಟ್ಟಿತು. ಬೆಳಗಿನಿಂದ ಇದು ಮೂರನೆಯ ಸಲ. ನಿನ್ನೆ ದೊರೆ ಹೇಳಿದ್ದು 'ಹೋಗಿ ಬಾ' ಎಂದೋ, ಬರೀ 'ಹೋಗು' ಎಂದೋ? ಕಿವಿಗೆ ಬಿದ್ದದ್ದೇನೋ 'ಹೋಗು' ಎಂದೇ. ಅದರಲ್ಲಿ ಅನುಮಾನವೇನೂ ಇರಲಿಲ್ಲ. ಆದರೆ ಕಿವಿಗೆ ಬಿದ್ದದ್ದು ದೊರೆಯ ದನಿಯಲ್ಲ, ತನ್ನ ಬಾಮೈದನ ದನಿ. ಆ ಮನೆತನದ ದೊರೆಗಳು ದನಿ ಎತ್ತುವುದಿಲ್ಲ. ಕೂಗುವುದು ಆಳುಕಾಳುಗಳ ಪಾಡು ಎಂದು ಯಾವ ಕಾಲದಲ್ಲೋ ಯಾರೋ ಅಂದುಕೊಂಡದ್ದು ಹಾಗೇ ನಡೆದು ಬಂದಿತ್ತು. ದೊರೆ ತುಟಿಯಲ್ಲೇ ಆಡಿದ್ದನ್ನು ಅವರ ಬಲಕ್ಕೆ, ಒಂದು ಹೆಜ್ಜೆ ಹಿಂದೆ ನಿಂತವನು ಇಡೀ ಸಭೆಗೆ ಕೇಳುವಂತೆ ಹೇಳಬೇಕು. ಆ ಕೆಲಸಕ್ಕೆ ಮಾತೆತ್ತುವುದು ಎಂದು ಹೆಸರು. ಎತ್ತಿದ ಮಾತೇ ದೊರೆಯ ಮಾತು. ಅದರ ಹಿಂದೆ ಹೋಗಿ ತುಟಿಯಲ್ಲಿ ಏನಿತ್ತು ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ.

ಮನೆಯಿಂದ ಹೊರಟವರಿಗೆ ಬರೀ 'ಹೋಗು' ಎನ್ನಲು ಯಾರಿಗೆ ತಾನೇ ಬಾಯಿ ಬರುತ್ತದೆ? ನೀರು ತರಲು ಹೊರಟವಳಿಗೂ 'ಹೋಗಿ ಬಾ' ಎನ್ನುತ್ತೇವೆ. ಆದರೆ ಅರಮನೆಯಲ್ಲಿ ಆ 'ಬಾ' ಬರೀ ಉಪಚಾರದ ಮಾತಲ್ಲ. ಅದು ನಾಳೆಯ ಬಾಗಿಲು. ಅದು ಸಿಕ್ಕವನು ಮಾರನೆಯ ದಿನ ಮಧ್ಯಾಹ್ನದ ಗಂಟೆ ನಿಲ್ಲುವುದರೊಳಗೆ ದರ್ಬಾರಿನಲ್ಲಿ ತನಗೆ ಗೊತ್ತುಮಾಡಿದ ಕಲ್ಲಿನ ಮೇಲೆ ನಿಂತಿರಬೇಕು, ಇಲ್ಲದಿದ್ದರೆ ಅದು ದೊರೆಗೆ ಮಾಡಿದ ಅವಮಾನ. ಸಿಗದವನಿಗೆ ಅಪರಾಧ ಪಟ್ಟಿಯಿಲ್ಲ, ವಿಚಾರಣೆಯಿಲ್ಲ, ಸೆರೆಮನೆಯೂ ಇಲ್ಲ. ಅವನು ಮಾರನೆಯ ದಿನ ಬಾಗಿಲ ಹತ್ತಿರ ಬಂದರೆ ಬಾಗಿಲವನು ಮುಖ ನೋಡದೆ ಬೆಳ್ಳಿಯ ಕೋಲನ್ನು ಅಡ್ಡ ಹಿಡಿಯುತ್ತಾನೆ, ಅಷ್ಟೆ. ಹಿಂದೆ ಸಾಲಿನಲ್ಲಿ ನಿಂತವರು ಆಗ ಛಾವಣಿ ನೋಡುತ್ತಾರೆ. ಸರದಾರನೂ ಹಾಗೆ ನಾಲ್ಕು ಸಲ ಛಾವಣಿ ನೋಡಿದ್ದ. ಅಲ್ಲಿ ಬಿಡಿಸಿದ್ದ ಹಕ್ಕಿಗಳು ಎಷ್ಟೆಂದು ಅವನಿಗೆ ಗೊತ್ತಿತ್ತು.

"ಅದೇನ್ರೀ ಒಂದು ಗುಂಡಿಗೆ ಇಷ್ಟು ಹೊತ್ತು? ಕೋಟು ಬಿಗಿಯಾಯ್ತಾ?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ಬೆಳಗಿನಿಂದಲೂ ಹೊಳೆಯುತ್ತಿತ್ತು. "ಎದುರುಮನೆಯವರು ಹೇಳಿ ಕಳಿಸಿದ್ರು. ನಿನ್ನೆ ನನ್ನ ತಮ್ಮನ ದನಿ ಹೊರಗಡೆ ಅಂಗಳದ ತನಕ ಕೇಳಿಸ್ತಂತೆ. ಹೌದಾ?"

"ಚೆನ್ನಾಗಿ ಕೇಳಿಸ್ತು," ಎಂದ ಸರದಾರ.

"ನೀವೇ ತಾನೇ ತಿದ್ದಿ ತೀಡಿದ್ದು. ಅವನು ಎಲ್ಲರ ಹತ್ರಾನೂ ಅದನ್ನೇ ಹೇಳ್ತಾನೆ, ಭಾವ ಇಲ್ಲದಿದ್ರೆ ನಾನೆಲ್ಲಿ ಅಂತ."

ಅವನು ಕನ್ನಡಿಯಲ್ಲಿ ಅವಳನ್ನು ನೋಡಿದ. ಇವಳಿಗೇನಾದರೂ ಗೊತ್ತಿದೆಯೇ? ಗೊತ್ತಿದ್ದರೆ ಹೀಗೆ ಹಗುರವಾಗಿ ನಿಲ್ಲುತ್ತಿರಲಿಲ್ಲ ಎನ್ನಿಸಿತು. ಗೊತ್ತಿದ್ದೇ ಹೀಗೆ ನಿಂತಿದ್ದಾಳೆ ಎಂದೂ ಮರುಕ್ಷಣ ಅನ್ನಿಸಿತು. ನಿನ್ನೆಯಿಂದ ಎಲ್ಲರ ಮುಖವೂ ಅವನಿಗೆ ಎರಡೆರಡಾಗಿ ಕಾಣಿಸುತ್ತಿತ್ತು. ಮುಖ ತೊಳೆಯಲು ನೀರು ತಂದಿಟ್ಟವನು ತಂಬಿಗೆಯನ್ನು ತುಸು ಜೋರಾಗಿ ಇಟ್ಟನೇ? ಗಾಡಿ ಹೊಡೆಯುವವನು ಯಾಕೆ ಇನ್ನೂ ಕುದುರೆ ಕಟ್ಟಿಲ್ಲ? "ಇವತ್ತು ನಡೆದುಕೊಂಡೇ ಹೋಗ್ತೀನಿ, ಗಾಡಿ ಬೇಡ," ಎಂದು ಹೇಳಿ ಏಳನೆಯ ಗುಂಡಿ ಹಾಕಿದ. ಎಂಟು, ಒಂಬತ್ತು ಹಾಗೇ ಬಿಟ್ಟ. ಹೋಗುವವನಂತೆಯೂ ಕಾಣಬೇಕು, ಹೋಗದಿದ್ದರೆ ಹೊರಡಲೇ ಇಲ್ಲವೆಂಬಂತೆಯೂ ಕಾಣಬೇಕು. ಮೆಟ್ಟಿಲಿಳಿಯುವಾಗ ಹಿಂದಿನಿಂದ ಹೆಂಡತಿ "ಹೋಗಿ ಬನ್ನಿ" ಎಂದಳು. ದಿನಾ ಹೇಳುವ ಮಾತೇ. ಇವತ್ತು ಅವನು ತಿರುಗಿ, ಇನ್ನೊಮ್ಮೆ ಹೇಳು ಎನ್ನುವಷ್ಟರಲ್ಲಿದ್ದ.

ದೊರೆ ನಿಜವಾಗಿಯೇ ಅಂದಿರಬಹುದು. ಅದನ್ನೂ ತಳ್ಳಿಹಾಕುವಂತಿಲ್ಲ. ನಿನ್ನೆ ಮಾತಿನ ನಡುವೆ ದೊರೆ ತಮ್ಮ ಹಳೆಯ ಬೇಟೆನಾಯಿ ಸತ್ತದ್ದು ಸೇತುವೆ ಮುಗಿದ ವರ್ಷ ಎಂದರು; ಅದರ ಮರುವರ್ಷ ಎಂದು ಇವನು ತಿದ್ದಿದ್ದ. ಯಾಕೆ ಬೇಕಿತ್ತು? ಸತ್ತ ನಾಯಿ ಯಾವ ವರ್ಷ ಸತ್ತರೆ ಯಾರಿಗೇನು? ದೊರೆ ನಕ್ಕಿದ್ದರು. ಆ ನಗುವನ್ನು ರಾತ್ರಿಯಿಡೀ ಹೊರಳಿಸಿ ಹೊರಳಿಸಿ ನೋಡಿದ್ದಾನೆ. ಒಂದು ಮಗ್ಗುಲಿಂದ ಸಲಿಗೆಯ ನಗು, ಇನ್ನೊಂದು ಮಗ್ಗುಲಿಂದ ಸಾಕಾಯಿತು ಎನ್ನುವ ನಗು. ಆಮೇಲೆ ಇವನು ಹೊರಡಲು ಅಪ್ಪಣೆ ಕೇಳಿದ. 'ಬಾ' ಎನ್ನಬೇಕಾದರೆ ತುಟಿಗೆ ತುಟಿ ತಾಗಲೇಬೇಕು. 'ಹೋಗು' ಎನ್ನುವುದಕ್ಕೆ ಬೇಕಿಲ್ಲ. ಇದು ಮಾತೆತ್ತುವವರಿಗೆ ಮಾತ್ರ ಗೊತ್ತಿರುವ ಕಸುಬಿನ ಗುಟ್ಟು. ಇವನು ದೊರೆಯ ತುಟಿಯನ್ನೇ ನೋಡಿದ. ಸರಿಯಾಗಿ ಆಗಲೇ ದೊರೆ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ಬಾಮೈದ ಗದ್ದ ಎತ್ತಿದ, ಎದೆ ತುಂಬ ಉಸಿರೆಳೆದ, "ಹೋಗು" ಎಂದ. ಕಂಚಿನಂಥ ದನಿ. ಇವನು ಬಗ್ಗಿ, ಬೆನ್ನು ತೋರಿಸದೆ ಏಳು ಹೆಜ್ಜೆ ಹಿಂದಕ್ಕೆ ನಡೆದ. ಐದನೆಯ ಹೆಜ್ಜೆಗೆ ಹಿಮ್ಮಡಿ ಜಮಖಾನದ ಅಂಚಿಗೆ ಸಿಕ್ಕಿ ಮುಗ್ಗರಿಸಿದ. ಯಾರೋ ಕೆಮ್ಮಿದರು.

ಒಂದು ಕಾಲಕ್ಕೆ ಇವನೇ ಮಾತೆತ್ತುತ್ತಿದ್ದವನು; ಮೇಲೇರಿದಾಗ ಆ ಜಾಗಕ್ಕೆ ಬಾಮೈದನನ್ನು ತಂದು, ಆ ಗದ್ದ ಎತ್ತುವುದನ್ನು ಕಲಿಸಿದವನೂ ಇವನೇ. ಉಸಿರನ್ನು ಹೊಟ್ಟೆಯಿಂದ ಎಳೆಯುವುದು, ಕೊನೆಯ ಅಕ್ಷರ ಕಂಬದಿಂದ ಕಂಬಕ್ಕೆ ಜಾರುವಂತೆ ಬಿಡುವುದು, ಎಲ್ಲ ಇವನದೇ ಪಾಠ. ಒಂದು ಭಾನುವಾರ ಊಟವಾದ ಮೇಲೆ, ಹೊಟ್ಟೆ ತುಂಬಿ ಮನಸ್ಸು ಸಡಿಲವಾಗಿದ್ದಾಗ, ಮಾತಿಗೆ ಮಾತು ಬಂದು ಹೇಳಿಬಿಟ್ಟಿದ್ದ: "ಸೈನ್ಯ ಗೀನ್ಯ ಏನೂ ಬೇಡ ಕಣೋ. ಒಬ್ಬನನ್ನ ಇಲ್ಲವಾಗಿಸೋಕೆ ಒಂದಕ್ಷರ ನುಂಗಿದ್ರೆ ಸಾಕು." ಬಾಮೈದ ತಟ್ಟೆ ಅಲುಗಾಡುವಂತೆ ನಕ್ಕ. ನಕ್ಕು ಮುಗಿದ ಮೇಲೆ, ಬೆರಳಿನಿಂದ ಮೇಜಿನ ಮೇಲೊಂದು ಗೆರೆ ಎಳೆಯುತ್ತ ಕೇಳಿದ್ದ: "ನಿಜವಾಗ್ಲೂ ಯಾರಾದ್ರೂ ಹಾಗೆ ಮಾಡಿದಾರಾ ಭಾವ?" "ಛೆ, ತಮಾಷೆಗೆ ಹೇಳಿದೆ," ಎಂದಿದ್ದ ಇವನು. ಅಷ್ಟು ಬೇಗ ಹೇಳಬಾರದಿತ್ತು.

ಬೀದಿಯ ತಿರುವಿನಲ್ಲಿ ದರ್ಜಿಯ ಅಂಗಡಿ. ದಿನಾ ಎದ್ದು ನಿಂತು ನಮಸ್ಕರಿಸುತ್ತಿದ್ದ ದರ್ಜಿ ಇವತ್ತು ಏಳಲಿಲ್ಲ; ಹಲ್ಲಿನ ನಡುವೆ ನಾಲ್ಕಾರು ಗುಂಡುಸೂಜಿ ಕಚ್ಚಿಕೊಂಡಿದ್ದ, ತಲೆಯಷ್ಟೇ ಆಡಿಸಿದ. ಸೂಜಿ ಇದ್ದದ್ದರಿಂದ ಏಳಲಿಲ್ಲವೋ, ಏಳಬಾರದೆಂದೇ ಸೂಜಿ ಕಚ್ಚಿಕೊಂಡನೋ? ನಾನು ದರ್ಜಿಯ ಬಾಯೊಳಗಿನ ಸೂಜಿ ಎಣಿಸುವ ಸ್ಥಿತಿಗೆ ಬಂದೆನಲ್ಲ ಎಂದು ಸರದಾರನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅರಮನೆಯ ದಾರಿ ಬಲಕ್ಕಿತ್ತು. ಅವನ ಕಾಲು ಎಡಕ್ಕೆ ತಿರುಗಿತು.

ಎಡಕ್ಕೆ ತಿರುಗಿದ್ದು ತಾನಲ್ಲ, ಕಾಲು ಎಂದುಕೊಂಡರೆ ಸಮಾಧಾನ. ಹನ್ನೊಂದು ವರ್ಷದ ಹಿಂದೆಯೂ ನುಂಗಿದ್ದು ತಾನಲ್ಲ, ನಾಲಿಗೆ ಎಂದೇ ಅವನು ಹೇಳಿಕೊಳ್ಳುತ್ತಿದ್ದ. ಅವನು ಸಣ್ಣ ಜಹಗೀರಿನ ಮೂರನೆಯ ಮಗ. ಅವನಿಗೆ ಬರುವ ಪಾಲಿನಲ್ಲಿ ಒಂದು ಕುದುರೆ ಮತ್ತು ಮನೆತನದ ಹೆಸರು ಬಿಟ್ಟರೆ ಮತ್ತೇನೂ ಇರಲಿಲ್ಲ. ಕವಾಯತು ಮೈದಾನದ ಆಚೆ ತುದಿಗೆ ತಪ್ಪಿಸಿಕೊಂಡ ಆ ಕುದುರೆಯನ್ನು ಈಚೆ ತುದಿಯಿಂದ ಕೂಗಿ ಕರೆದಿದ್ದ. ಅದನ್ನು ಕೇಳಿ ಗಾಡಿ ನಿಲ್ಲಿಸಿ ಇಳಿದವರು ಹಿರಿಯ ಮಂತ್ರಿ. ಎಲ್ಲರೂ ಅವರನ್ನು ದೊಡ್ಡವರು ಎನ್ನುತ್ತಿದ್ದರು. "ಈ ಗಂಟಲು ಕುದುರೆ ಕರೆಯೋದರಲ್ಲೇ ಹಾಳಾಗಬಾರದು," ಎಂದು ಮನೆಗೆ ಕರೆದೊಯ್ದರು. ಅವರ ಮಗಳು ಬಡಿಸಿದಳು. ಮುಂದೆ ಮೂರು ವರ್ಷ ಆ ಮನೆಯಲ್ಲಿ ಅವಳೇ ಬಡಿಸಿದಳು. ಯಾರೂ ಬಾಯಿಬಿಟ್ಟು ಆಡದ ಒಂದು ಮಾತು ಅವರಿಬ್ಬರ ನಡುವೆ ಬೆಳೆಯುತ್ತಿತ್ತು. ದೊಡ್ಡವರು ಕಲಿಸಿದ ಮೊದಲ ಪಾಠ, "ಮಾತು ನಿನ್ನದಲ್ಲ. ನೀನು ಬರೀ ಹೊರೋನು. ದಾರೀಲಿ ಒಂದು ಕಾಳೂ ಉದುರಬಾರದು." ದೊರೆಯ ಬಲಗಡೆ ನಿಂತು ಎರಡು ವರ್ಷವಾಗುವಷ್ಟರಲ್ಲಿ ಎಲ್ಲರೂ ಅವನ ಕೃಪೆಗಾಗಿ ಅವನ ಕಡೆ ನೋಡಿ ನಗುವವರಾದರು. ಆಗ ಅವನಿಗೆ ಕಂಡದ್ದು, ಸಭೆಯಲ್ಲಿ ತನಗಿಂತ ಮುಂದೆ ಇರುವುದು ಒಂದೇ ಬೆನ್ನು ಎಂದು. ಆ ಬೆನ್ನು ತನ್ನನ್ನು ಮೇಲೆತ್ತಿದವರದು ಎಂಬುದು ಅದರ ದೋಷವೇನಲ್ಲ. ಅದು ಅಲ್ಲಿತ್ತು, ಅಷ್ಟೆ. ಒಂದು ಮಧ್ಯಾಹ್ನ ದೊಡ್ಡವರು ಅಪ್ಪಣೆ ಕೇಳಿದರು. ದೊರೆ "ಹೋಗಿ ಬಾ" ಎಂದು ಪಿಸುಗುಟ್ಟಿ, ಆಗಲೇ ಕೈಯಲ್ಲಿದ್ದ ಕಾಗದ ಓದತೊಡಗಿದ್ದರು. ಇವನು ಗದ್ದ ಎತ್ತಿದ. "ಹೋಗು" ಎಂದ. ದೊಡ್ಡವರು ಏಳು ಹೆಜ್ಜೆ ಹಿಂದೆ ನಡೆದು ಹೊಸ್ತಿಲ ಬಳಿ ಅರ್ಧ ಉಸಿರಿನಷ್ಟು ಹೊತ್ತು ನಿಂತರು. ಇವನ ಮುಖವನ್ನೇ ನೋಡಿದರು. ಹೊರಟುಹೋದರು.

ಮಾರನೆಯ ದಿನ ದೊರೆ "ದೊಡ್ಡವರೆಲ್ಲಿ?" ಎಂದು ಕೇಳಿದಾಗ ಇವನು "ಬಂದಿಲ್ಲ, ದೊರೆ," ಎಂದ. ಅದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ದೊರೆ ಮೂರು ದಿನ ಕೇಳಿದರು, ನಾಲ್ಕನೆಯ ದಿನ ಮುಖ ಗಂಟಿಕ್ಕಿಕೊಂಡರು, ಐದನೆಯ ದಿನ ಕೇಳಲಿಲ್ಲ. ಕರೆದರೂ ಬಾರದವರನ್ನು ಇನ್ನೊಮ್ಮೆ ಕರೆಯುವ ಪದ್ಧತಿ ಇರಲಿಲ್ಲ. 'ಬಂದಿಲ್ಲ' ಎಂಬ ಆ ಒಂದು ನಿಜವನ್ನೇ ನೆಚ್ಚಿಕೊಂಡು ಅವನು ಹನ್ನೊಂದು ವರ್ಷ ಬದುಕಿದ್ದ.

ಈಗ ಅದೇ ನಿಜ ಅವನ ಕುತ್ತಿಗೆಗೆ ಬಂದಿತ್ತು. ಬಾಗಿಲಿಗೆ ಹೋದರೆ ಕೋಲು ಅಡ್ಡ ಬರಬಹುದು. ಹೋಗದಿದ್ದರೆ ಯಾರೋ ಒಬ್ಬ, ಬೇರೆ ಯಾರೂ ಅಲ್ಲ, ತನ್ನ ಹೆಂಡತಿಯ ತಮ್ಮ, "ಬಂದಿಲ್ಲ, ದೊರೆ," ಎನ್ನುತ್ತಾನೆ. ಎತ್ತಿದ ಮಾತು ತಪ್ಪು ಎಂದು ವಾದಿಸೋಣವೆಂದರೆ, ಎತ್ತಿದ ಮಾತು ತಪ್ಪಿರಬಹುದು ಎಂದು ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ. ಅದಕ್ಕಿರುವ ಉತ್ತರ ಒಂದೇ. ಆ ಉತ್ತರಕ್ಕೆ ಇರುವ ಸಾಕ್ಷಿಯೂ ಒಂದೇ. ಅದು ಪೀಪಾಯಿ ಮಾಡುವವನ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ವಾಸವಾಗಿತ್ತು.

ಕಿರಿದಾದ ಮೆಟ್ಟಿಲು. ಕೆಳಗೆ ಸುತ್ತಿಗೆಯ ಸದ್ದು. ಬಾಗಿಲು ತೆಗೆದವಳು ದೊಡ್ಡವರ ಮಗಳು. ಕೂದಲು ಕಿವಿಯ ಹತ್ತಿರ ನರೆತಿತ್ತು. ಅವಳು ಆಶ್ಚರ್ಯಪಡುತ್ತಾಳೆ, ಅಳುತ್ತಾಳೆ, ಬಾಗಿಲು ಹಾಕುತ್ತಾಳೆ ಎಂದು ಬಗೆಬಗೆಯಾಗಿ ಎಣಿಸಿದ್ದ. ಅವಳು "ಕಾಲೊರೆಸಿಕೊಂಡು ಬನ್ನಿ, ಈಗ ತಾನೇ ನೆಲ ಒರೆಸಿದೀನಿ," ಎಂದಳು.

ದೊಡ್ಡವರು ಕಿಟಕಿಯ ಪಕ್ಕ ಕೂತು ದೀಪದ ಗಾಜು ಒರೆಸುತ್ತಿದ್ದರು. ಕುಗ್ಗಿ ಚಿಕ್ಕವರಾಗಿದ್ದರು. ಇವನನ್ನು ಕಂಡು ಗುರುತಿನ ನಗೆ ನಕ್ಕು ಎದುರಿನ ಕುರ್ಚಿ ತೋರಿಸಿದರು. ಕೂತ ಮೇಲೆ ಸರದಾರ ಗಮನಿಸಿದ, ಕುರ್ಚಿಯ ದಿಂಬಿನ ಅಂಚಿಗೆ ಜರಿಯ ಬಳ್ಳಿಯಿತ್ತು. ತನ್ನ ಕೋಟಿನ ತೋಳಿಗಿದ್ದ ಅದೇ ಬಳ್ಳಿ. ದೊಡ್ಡವರ ದರ್ಬಾರಿನ ಕೋಟನ್ನು ಕತ್ತರಿಸಿ ಮಗಳು ದಿಂಬು ಹೊಲಿದಿದ್ದಳು. ಏಳುವುದೂ ಕಷ್ಟ, ಅದರ ಮೇಲೆ ಕೂರುವುದೂ ಕಷ್ಟ. ತುದಿಯಲ್ಲಿ ಕೂತ.

"ಅಪ್ಪನಿಗೆ ಕಿವಿ ಹೋಗಿದೆ," ಎಂದಳು ಮಗಳು. "ನೀವು ಹೇಳಿ, ನಾನು ಅವರಿಗೆ ಹೇಳ್ತೀನಿ." ಹಾಗೆಂದು ತಂದೆಯ ಬಲಕ್ಕೆ, ಒಂದು ಹೆಜ್ಜೆ ಹಿಂದೆ ಹೋಗಿ ನಿಂತಳು. ಬೇಕೆಂದೇ ನಿಂತಳೋ, ಅಲ್ಲಿ ಮಾತ್ರ ಜಾಗವಿತ್ತೋ.

ಕಿಟಕಿ ತೆರೆದಿತ್ತು, ಕೆಳಗಿನ ಬೀದಿಯಲ್ಲಿ ದರ್ಬಾರಿಗೆ ಹೊರಟವರ ಗಾಡಿಗಳು ಒಂದೊಂದಾಗಿ ಹಾದುಹೋಗುತ್ತಿದ್ದವು. ಅವನು ದನಿ ತಗ್ಗಿಸಿ, "ನಿನ್ನೆ ನನಗೆ ಬಾ ಅನ್ನಲಿಲ್ಲ," ಎಂದ.

"ನಿನ್ನೆ ಇವರಿಗೆ ಬಾ ಅನ್ನಲಿಲ್ವಂತೆ!" ಎಂದು ಅವಳು ಜೋರಾಗಿ ತಂದೆಯ ಕಿವಿಗೆ ಹೇಳಿದಳು. ಕೆಳಗೆ ಸುತ್ತಿಗೆ ಒಂದು ಕ್ಷಣ ನಿಂತಂತಾಯಿತು. ದೊಡ್ಡವರು ಗಾಜನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟರು. ಕಿವಿ ಹೋದ ಮೇಲೆ ಅವರ ದನಿಯೂ ಇಳಿದಿತ್ತು. ಸರದಾರ ಮುಂದಕ್ಕೆ ಬಗ್ಗಿದ.

"ಎತ್ತಿದವನು ಯಾರು?"

"ನನ್ನ ಬಾಮೈದ."

"ಇವರ ಬಾಮೈದ!"

ದೊಡ್ಡವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ನನಗೆ ಅವತ್ತು ಕಿವಿ ಚೆನ್ನಾಗಿತ್ತು," ಎಂದರು ಮೆಲ್ಲಗೆ. "ಕಣ್ಣೂ ಚೆನ್ನಾಗಿತ್ತು. ದೊರೆ ತುಟಿ ಕೂಡಿದ್ದು ನೋಡಿದೆ. ಆಮೇಲೆ ನಿನ್ನ ಮುಖ ನೋಡಿದೆ. ಎಷ್ಟು ಹೆದರಿದ್ದೆ ನೀನು! ಅಲ್ಲೇ ಹೇಳಿದ್ರೆ ದೊರೆ ನಿನ್ನನ್ನ ಉಳಿಸ್ತಿರಲಿಲ್ಲ. ಬೆಳೆಸಿದ ಕೈ, ಮನಸ್ಸು ಬರಲಿಲ್ಲ. ಸಂಜೆಯೊಳಗೆ ಮನೆಗೆ ಬಂದು ಹೇಳ್ತಾನೆ ಅಂದ್ಕೊಂಡೆ. ಬಾಗಿಲು ತೆಗೆದೇ ಇಟ್ಟಿದ್ದೆ. ಇವಳು ಅಡುಗೆ ಮಾಡಿದ್ಲು."

ಮಗಳು ಗೋಡೆ ನೋಡುತ್ತಿದ್ದಳು. ಇಷ್ಟು ವರ್ಷ ಸರದಾರ ಹೆದರಿದ್ದು ಇವರಿಗೆ ಗೊತ್ತಾದರೆ ಎಂದು. ಅವರಿಗೆ ಮೊದಲ ಕ್ಷಣದಿಂದಲೇ ಗೊತ್ತಿತ್ತು. ಅವನು ಅಡಗಿಕೊಂಡಿದ್ದದ್ದು ಬಾಗಿಲೇ ಇಲ್ಲದ ಕೋಣೆಯಲ್ಲಿ. ನಾಚಿಕೆಯಾಯಿತು. ಆ ನಾಚಿಕೆಯ ನಡುವೆಯೂ ಮನಸ್ಸಿನ ಒಂದು ಮೂಲೆ ಗಂಟೆಗೆ ಇನ್ನೆಷ್ಟು ಹೊತ್ತಿದೆ ಎಂದು ಲೆಕ್ಕ ಹಾಕುತ್ತಿತ್ತು. ಅದು ಅವನಿಗೂ ಕಾಣಿಸಿತು.

"ನನ್ನ ಜೊತೆ ಬನ್ನಿ," ಎಂದ. "ದೊರೆ ಮುಂದೆ ಒಂದು ಮಾತು ಹೇಳಿ. ಎತ್ತಿದ ಮಾತು ತಪ್ಪಬಹುದು ಅಂತ. ನಿಮಗೂ ನಿಮ್ಮ ಜಾಗ ವಾಪಸ್ ಸಿಗುತ್ತೆ."

ಮಗಳು ಅದನ್ನು ಎತ್ತಿ ಹೇಳಿದಳು. 'ನಿಮಗೂ' ಎನ್ನುವಾಗ ಮಾತ್ರ ಸ್ವಲ್ಪ ಒತ್ತಿದಳು.

"ಜಾಗ ಇಟ್ಕೊಂಡು ಏನ್ಮಾಡ್ಲಿ, ಮೆಟ್ಟಿಲು ಹತ್ತೋಕೇ ಆಗಲ್ಲ," ಎಂದರು ದೊಡ್ಡವರು. ಒರೆಸುವ ಬಟ್ಟೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. "ಬರ್ತೀನಿ. ಆದರೆ ಕರೆಯದೆ ಹೇಗೆ ಬರಲಿ? ನನಗಿನ್ನೂ ಕರೆ ಬಂದಿಲ್ಲ. ಮಾತು ನಿನ್ನ ಹತ್ರಾನೇ ಉಳಿದುಬಿಟ್ಟಿದೆ. ಅದನ್ನ ಎತ್ತು. ಇಲ್ಲೇ, ಈಗ. ಅವಳು ಎತ್ತೋದು ಬೇಡ, ನೀನೇ. ನನಗೆ ಕೇಳಬೇಕು."

ಸರದಾರ ಎದ್ದು ನಿಂತ. ಕೈ ತಾನಾಗಿ ಕೋಟಿನ ಮೇಲೆ ಹೋಗಿ ಎಂಟನೆಯ ಗುಂಡಿ, ಒಂಬತ್ತನೆಯ ಗುಂಡಿ ಹಾಕಿತು. ಎರಡೇ ಮಾತು. ದರ್ಬಾರಿನ ನಲವತ್ತು ಕಂಬಗಳಾಚೆ ಮಾತು ದಾಟಿಸಿದ ಗಂಟಲು ಇದು. ಈ ಕಿವುಡು ಮುದುಕನ ಕಿವಿಗೆ ಮುಟ್ಟಿಸಲಾರದೇ? ಅವನು ಗದ್ದ ಎತ್ತಿದ, ಉಸಿರೆಳೆದ. ಆಗ ಕಿಟಕಿಯ ಕೆಳಗೆ ಒಂದು ಗಾಡಿ ನಿಂತಿತು. ಯಾರೋ ಪೀಪಾಯಿಯವನಿಗೆ ದಾರಿ ಬಿಡು ಎನ್ನುತ್ತಿದ್ದರು. ಕಂಚಿನ ದನಿ, ಬಾಮೈದನದು. ಇಲ್ಲಿಂದ ತಾನು ಎತ್ತಿ ಹೇಳಿದರೆ ಅವನಿಗೆ ಕೇಳುತ್ತದೆ. ಸರದಾರ ದೊಡ್ಡವರ ಮನೆಯಲ್ಲಿ ನಿಂತು 'ಹೋಗಿ ಬಾ' ಎಂದು ಕೂಗಿದ ಎಂದು ಗಂಟೆ ಹೊಡೆಯುವ ಮೊದಲು ಇಡೀ ದರ್ಬಾರಿಗೆ ತಿಳಿಯುತ್ತದೆ. ತಿಳಿಯಲಿ ಎಂದೇ ಅಲ್ಲವೇ ತಾನು ಬಂದದ್ದು? ಹೌದು. ಆದರೆ ಹೀಗಲ್ಲ, ದೊರೆಯ ಮುಂದೆ, ತಕ್ಕ ಮಾತುಗಳಲ್ಲಿ, ಸಮಯ ನೋಡಿ. ಎಳೆದ ಉಸಿರು ಎದೆಯಲ್ಲೇ ನಿಂತಿತು. ಕೆಳಗೆ ಗಾಡಿ ಇನ್ನೂ ಕದಲಿರಲಿಲ್ಲ. ಅವನು ಪಿಸುದನಿಯಲ್ಲಿ, ಬರೀ ತುಟಿಯಲ್ಲಿ ಎನ್ನುವಷ್ಟು ಮೆಲ್ಲಗೆ, "ಹೋಗಿ ಬಾ," ಎಂದ.

ಕಿವಿಗೆ ಕೈ ಅಡ್ಡ ಹಿಡಿದು ಕಾಯುತ್ತಿದ್ದ ದೊಡ್ಡವರು ಮಗಳ ಕಡೆ ನೋಡಿದರು. "ಏನಂದ?"

ಅವಳಿಗೆ ಕೇಳಿಸಿತ್ತು. ಕೇಳಿಸಿದೆ ಎಂದು ಅವಳ ಕಣ್ಣು ಹೇಳುತ್ತಿತ್ತು. ಅವಳು ತೆರೆದ ಕಿಟಕಿಯನ್ನೊಮ್ಮೆ, ಇವನನ್ನೊಮ್ಮೆ ನೋಡಿ, ತಂದೆಯ ಕಿವಿಯ ಹತ್ತಿರ ಬಗ್ಗಿ ಸ್ಪಷ್ಟವಾಗಿ ಹೇಳಿದಳು: "ಏನೂ ಹೇಳಲಿಲ್ಲ ಅಪ್ಪ."

ಅಲ್ಲ, ಹೇಳಿದೆ ಎಂದು ಅವನು ಕೂಗಬಹುದಿತ್ತು. ಗಾಡಿ ಕದಲಿತು, ಸುತ್ತಿಗೆ ಮತ್ತೆ ಶುರುವಾಯಿತು. ದೊಡ್ಡವರು ಕೈ ಇಳಿಸಿ ಇನ್ನೊಂದು ಗಾಜು ತೆಗೆದುಕೊಂಡರು. ಸರದಾರ ಬಗ್ಗಿದ. ಬೆನ್ನು ತೋರಿಸದೆ ಹಿಂದಕ್ಕೆ ನಡೆಯುತ್ತಿದ್ದೇನೆ ಎಂದು ಮೂರನೆಯ ಹೆಜ್ಜೆಗೆ ಗೊತ್ತಾಯಿತು, ಆದರೂ ನಿಲ್ಲಿಸಲಾಗಲಿಲ್ಲ. ಆ ಕೋಣೆಯಲ್ಲಿ ಏಳು ಹೆಜ್ಜೆಗೆ ಜಾಗವಿರಲಿಲ್ಲ. ಐದಕ್ಕೇ ಹಿಮ್ಮಡಿಗೆ ಹೊಸ್ತಿಲು ತಾಗಿತು.

ಆಗ ದೊಡ್ಡವರು ತಲೆಯೆತ್ತಿದರು. ಮುಖದಲ್ಲಿ ಕೋಪವಿರಲಿಲ್ಲ, ಬೇಸರವೂ ಇರಲಿಲ್ಲ; ಹಳೆಯ ದಿನಗಳಲ್ಲಿ ಊಟ ಮುಗಿಸಿ ಹೊರಟವನನ್ನು ನೋಡುತ್ತಿದ್ದ ಹಾಗೇ ನೋಡಿ ಏನೋ ಅಂದರು. ಸುತ್ತಿಗೆಯ ಸದ್ದಿನಲ್ಲಿ ಅದು ಬಾಗಿಲ ತನಕ ಮುಟ್ಟಲಿಲ್ಲ. ಆದರೆ ಅವನು ನೋಡುತ್ತಿದ್ದದ್ದು ಅವರ ತುಟಿಯನ್ನು. ಅಲ್ಲಿ ಕರವಸ್ತ್ರ ಅಡ್ಡ ಇರಲಿಲ್ಲ. ತುಟಿಗಳು ಮೊದಲು ಗುಂಡಗಾದವು, ಆಮೇಲೆ ಒಂದನ್ನೊಂದು ತಾಗಿ ತೆರೆದುಕೊಂಡವು.

ಮಗಳು ತಂದೆಯ ಬಲಗಡೆಯಿಂದ ಒಂದು ಹೆಜ್ಜೆ ಮುಂದೆ ಬಂದಳು. ಅವಳು ಗದ್ದ ಎತ್ತಲಿಲ್ಲ, ಉಸಿರೆಳೆಯಲಿಲ್ಲ. ಮನೆಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದಳು.

"ಹೋಗು."

ಅವನು ಅರ್ಧ ಉಸಿರಿನಷ್ಟು ಹೊತ್ತು ನಿಂತ. ಅವಳ ಮುಖ ನೋಡಿದ. ಅವಳಿಗೆ ಹೆದರಿಕೆಯಿರಲಿಲ್ಲ, ಅಷ್ಟೇ ವ್ಯತ್ಯಾಸ. ನಾನು ನೋಡಿದೆ, ಅವರು ಬಾ ಅಂದರು ಎನ್ನಲು ಬಾಯಿ ತೆರೆದ. ಎತ್ತಿದ ಮಾತಿನ ಹಿಂದೆ ಹೋಗುವ ಹಕ್ಕು ಯಾರಿಗೂ ಇಲ್ಲವೆಂದು ಈ ಮನೆಯವರಿಂದಲೇ ಕಲಿತದ್ದು ನೆನಪಾಗಿ ಮುಚ್ಚಿಕೊಂಡ.

ಮೆಟ್ಟಿಲಿಳಿದು ಬೀದಿಗೆ ಬರುವಾಗ ಮಧ್ಯಾಹ್ನದ ಗಂಟೆ ಹೊಡೆಯತೊಡಗಿತ್ತು. ಗಾಡಿಗಳೆಲ್ಲ ಹೋಗಿಯಾಗಿತ್ತು. ಪೀಪಾಯಿಯವನು ಸುತ್ತಿಗೆ ಕೆಳಗಿಟ್ಟು, ಜರಿಯ ಕೋಟಿನವರು ಈ ಹೊತ್ತಿನಲ್ಲಿ ಇಲ್ಲೇಕೆ ಎಂದು ನೋಡಿದ. ಸರದಾರ ಬಾಗಿಲ ಪಕ್ಕ ನಿಂತು ಗಂಟೆ ಮುಗಿಯುವವರೆಗೂ ಕಾದ. ಆಮೇಲೆ ಒಂದೊಂದಾಗಿ ಗುಂಡಿ ಬಿಚ್ಚತೊಡಗಿದ.